ನೈತಿಕ ನಿರ್ಧಾರದ ಮಾರ್ಗಗಳು

ನೈತಿಕ ನಿರ್ಧಾರ ಎಂದರೆ ಮಾಡಬಹುದಾದ ಹಲವು ಕೆಲಸಗಳಲ್ಲಿ ಮಾಡತಕ್ಕದ್ದು ಯಾವುದು ಎಂಬುದನ್ನು ಸರಿ-ತಪ್ಪುಗಳ ನೆಲೆಯಿಂದ ಕಾರಣಸಹಿತವಾಗಿ ಗೊತ್ತುಮಾಡುವ ವಿಚಾರಕ್ರಮ. ಈ ವಿಚಾರಕ್ಕೆ ಆಧಾರವಾಗಿ ನೀತಿಶಾಸ್ತ್ರ ರೂಪಿಸಿರುವ ಸಿದ್ಧಾಂತಗಳನ್ನು ನೈತಿಕ ನಿರ್ಧಾರದ ಮಾರ್ಗಗಳು ಎನ್ನುತ್ತಾರೆ. ಇವುಗಳಲ್ಲಿ ಐದು ಪ್ರಮುಖವಾದವು. ಕ್ರಿಯೆಯ ಪರಿಣಾಮವನ್ನು ಅಳತೆಗೋಲಾಗಿಸಿಕೊಂಡದ್ದು ಫಲವಾದ. ಕ್ರಿಯೆ ತನ್ನಷ್ಟಕ್ಕೆ ಯುಕ್ತವೇ ಎಂದು ನೋಡುವುದು ಕರ್ತವ್ಯವಾದ. ಕರ್ತೃವಿನ ಶೀಲಕ್ಕೆ ಪ್ರಾಶಸ್ತ್ಯ ಕೊಡುವುದು ಸದ್ಗುಣವಾದ. ಎಲ್ಲರೂ ಒಪ್ಪಬಲ್ಲ ನಿಯಮವನ್ನು ಅರಸುವುದು ಒಪ್ಪಂದವಾದ. ಸಂಬಂಧದಿಂದ ಹುಟ್ಟುವ ಹೊಣೆಯನ್ನು ಮುಂದಿಡುವುದು ಕಾಳಜಿ ನೀತಿ. ಭಾರತೀಯ ಪರಂಪರೆಯ ಧರ್ಮವಿಚಾರದಲ್ಲಿ ಈ ಅಂಶಗಳು ಬೇರೆ ಬೇರೆ ಪ್ರಮಾಣದಲ್ಲಿ ಬೆರೆತು ಬಂದಿವೆ.

ವ್ಯಾಪ್ತಿ ಮತ್ತು ಪರಿಭಾಷೆ

ನೀತಿಶಾಸ್ತ್ರದಲ್ಲಿ ಮೂರು ವಿಭಾಗಗಳನ್ನು ಗುರುತಿಸುವುದು ವಾಡಿಕೆ. ಒಳಿತು, ಕೆಡುಕು, ಕರ್ತವ್ಯ ಮೊದಲಾದ ಪರಿಕಲ್ಪನೆಗಳ ಸ್ವರೂಪವನ್ನು ವಿಚಾರಿಸುವುದು ಅಧಿನೀತಿಶಾಸ್ತ್ರ. ಹೇಗೆ ನಡೆಯಬೇಕು ಎಂಬುದಕ್ಕೆ ಮಾನದಂಡ ಒದಗಿಸುವುದು ವಿಧಾಯಕ ನೀತಿಶಾಸ್ತ್ರ. ಆ ಮಾನದಂಡಗಳನ್ನು ವೈದ್ಯಕೀಯ, ಆಡಳಿತ, ವ್ಯಾಪಾರ, ಪರಿಸರ ಮುಂತಾದ ಕ್ಷೇತ್ರಗಳಿಗೆ ಹೊಂದಿಸುವುದು ಅನ್ವಯಿಕ ನೀತಿಶಾಸ್ತ್ರ. ನಿರ್ಧಾರದ ಮಾರ್ಗಗಳು ಎರಡನೆಯ ವಿಭಾಗದಲ್ಲಿ ಹುಟ್ಟಿ ಮೂರನೆಯದರಲ್ಲಿ ಪರೀಕ್ಷೆಗೆ ಒಳಗಾಗುತ್ತವೆ. ಜನರು ವಾಸ್ತವವಾಗಿ ಹೇಗೆ ನಿರ್ಧರಿಸುತ್ತಾರೆ ಎಂಬುದರ ಅಧ್ಯಯನ ಮನಶ್ಶಾಸ್ತ್ರ ಮತ್ತು ಮಾನವಶಾಸ್ತ್ರಗಳಿಗೆ ಸೇರಿದ್ದು.

ಪಾಲಿಸಬೇಕಾದ ಎರಡು ಹೊಣೆಗಳು ಎದುರುಬದುರಾಗಿ, ಒಂದನ್ನು ನಡೆಸಿದರೆ ಇನ್ನೊಂದು ತಪ್ಪುವ ಸ್ಥಿತಿಗೆ ಧರ್ಮಸಂಕಟ ಎಂದು ಹೆಸರು. ಕೊಟ್ಟ ಮಾತು ಮತ್ತು ಹೆತ್ತ ಕರುವಿನ ನಡುವೆ ಸಿಕ್ಕಿದ ಪುಣ್ಯಕೋಟಿಯ ಕಥೆಯೂ ಸತ್ಯಕ್ಕಾಗಿ ಹೆಂಡತಿಯನ್ನೂ ಮಗನನ್ನೂ ಮಾರಬೇಕಾಗಿ ಬಂದ ಹರಿಶ್ಚಂದ್ರನ ಕಥೆಯೂ ಕನ್ನಡದಲ್ಲಿ ಇದಕ್ಕೆ ಪ್ರಸಿದ್ಧ ನಿದರ್ಶನಗಳು. ಒಳಿತು ಯಾವುದೆಂದು ತಿಳಿದಿದ್ದೂ ಸ್ವಾರ್ಥ ಅಥವಾ ಭಯದಿಂದ ಹಿಂಜರಿಯುವುದು ಧರ್ಮಸಂಕಟವಲ್ಲ. ಅದು ಸಂಕಲ್ಪದ ದೌರ್ಬಲ್ಯ.

ಉಗಮ ಮತ್ತು ಬೆಳವಣಿಗೆ

ನೈತಿಕ ವಿಚಾರದ ಆರಂಭಿಕ ರೂಪ ಉಪದೇಶ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿರುವ ಕ್ರಿ.ಪೂ. 3ನೆಯ ಶತಮಾನದ ಅಶೋಕನ ಶಾಸನಗಳು ತಂದೆತಾಯಿಗಳ ಸೇವೆ, ಪ್ರಾಣಿದಯೆ ಮತ್ತು ಸತ್ಯವಾಕ್ಯವನ್ನು ವಿಧಿಸುತ್ತವೆ. ಉಪದೇಶದಿಂದ ಮುಂದೆ ಹೋಗಿ ಕಾರಣಗಳನ್ನು ಕೇಳುವ ವಿಚಾರ ಹಲವು ನಾಡುಗಳಲ್ಲಿ ಬೇರೆ ಬೇರೆಯಾಗಿ ಬೆಳೆಯಿತು. ಚೀನಾದಲ್ಲಿ ಕನ್‌ಫ್ಯೂಷಿಯಸ್ ಸಂಬಂಧಗಳ ಮರ್ಯಾದೆಯನ್ನೂ ಅನಂತರದ ಮೋತ್ಸು ಪಕ್ಷಪಾತವಿಲ್ಲದ ಲೋಕಹಿತವನ್ನೂ ಪ್ರತಿಪಾದಿಸಿದರು. ಗ್ರೀಸಿನಲ್ಲಿ ಸಾಕ್ರಟೀಸ್ ಮತ್ತು ಪ್ಲೇಟೋರ ಬಳಿಕ ಅರಿಸ್ಟಾಟಲ್ (ಕ್ರಿ.ಪೂ. 384–322) ನಿಕೊಮೇಕಿಯನ್ ಎಥಿಕ್ಸ್ ಗ್ರಂಥದಲ್ಲಿ ಸದ್ಗುಣದ ವ್ಯವಸ್ಥಿತ ವಿವೇಚನೆ ನಡೆಸಿದ. ಭಾರತದಲ್ಲಿ ಧರ್ಮಸೂತ್ರಗಳು, ಮೀಮಾಂಸೆ, ಬೌದ್ಧ ಮತ್ತು ಜೈನ ಆಗಮಗಳು ಹಾಗೂ ಮಹಾಭಾರತ ಈ ವಿಚಾರದ ಆಕರಗಳು.

ಮಧ್ಯಯುಗದ ಯೂರೋಪಿನಲ್ಲಿ ಥಾಮಸ್ ಅಕ್ವಿನಾಸ್ (13ನೆಯ ಶತಮಾನ) ಅರಿಸ್ಟಾಟಲನ ವಿಚಾರವನ್ನು ಕ್ರೈಸ್ತ ಧರ್ಮದೊಂದಿಗೆ ಹೊಂದಿಸಿದ. ಉದ್ದೇಶಿಸಿ ಮಾಡಿದ ಕೆಡುಕಿಗೂ ಒಳಿತನ್ನು ಸಾಧಿಸುವಾಗ ಉದ್ದೇಶವಿಲ್ಲದೆ ಒದಗುವ ಕೆಡುಕಿಗೂ ಭೇದ ಕಲ್ಪಿಸುವ ದ್ವಿಪರಿಣಾಮ ತತ್ತ್ವದ ಮೂಲ ಅವನಲ್ಲಿದೆ. 18 ಮತ್ತು 19ನೆಯ ಶತಮಾನಗಳಲ್ಲಿ ಕಾಂಟನ ಕರ್ತವ್ಯವಾದ ಮತ್ತು ಬೆಂತಮ್, ಮಿಲ್ ಅವರ ಉಪಯುಕ್ತತಾವಾದ ಆಧುನಿಕ ನೀತಿಶಾಸ್ತ್ರದ ಎರಡು ಮುಖ್ಯ ಧಾರೆಗಳಾದವು. 1958ರಲ್ಲಿ ಎಲಿಜಬೆತ್ ಆನ್ಸ್‌ಕೂಮ್ ಪ್ರಕಟಿಸಿದ ಪ್ರಬಂಧವೊಂದು ಇವೆರಡನ್ನೂ ಟೀಕಿಸಿ ಸದ್ಗುಣವಾದದ ಪುನರುತ್ಥಾನಕ್ಕೆ ದಾರಿ ಮಾಡಿತು.

ನಿರ್ಧಾರದ ರಚನೆ

ಯಾವ ಮಾರ್ಗವನ್ನು ಹಿಡಿದರೂ ನೈತಿಕ ನಿರ್ಧಾರಕ್ಕೆ ಕೆಲವು ಸಾಮಾನ್ಯ ಹಂತಗಳಿವೆ. ಮೊದಲನೆಯದು ಸಂಗತಿಗಳನ್ನು ತಿಳಿಯುವುದು; ನೈತಿಕವೆಂದು ತೋರುವ ಎಷ್ಟೋ ಭಿನ್ನಾಭಿಪ್ರಾಯಗಳು ನಿಜವಾಗಿ ಸಂಗತಿಗಳ ಕುರಿತಾದವು. ಎರಡನೆಯದು ನಿರ್ಧಾರದಿಂದ ಬಾಧಿತರಾಗುವವರನ್ನೆಲ್ಲ ಗುರುತಿಸುವುದು. ಮೂರನೆಯದು ಇರುವ ಆಯ್ಕೆಗಳನ್ನು ಎಣಿಸುವುದು. ನಾಲ್ಕನೆಯದು ಆ ಆಯ್ಕೆಗಳನ್ನು ತತ್ತ್ವಗಳ ಬೆಳಕಿನಲ್ಲಿ ತೂಗುವುದು. ಐದನೆಯದು ಆರಿಸಿಕೊಂಡದ್ದಕ್ಕೆ ಬಾಧಿತರ ಮುಂದೆ ಹೇಳಬಲ್ಲ ಸಮರ್ಥನೆ. ಕೊನೆಯದು ಪರಿಣಾಮವನ್ನು ಕಂಡು ನಡೆಸುವ ಮರುಪರಿಶೀಲನೆ. ಮಾರ್ಗಗಳ ಭೇದ ಮುಖ್ಯವಾಗಿ ನಾಲ್ಕನೆಯ ಹಂತದಲ್ಲಿ ಕಾಣಿಸಿಕೊಳ್ಳುತ್ತದೆ.

ಸಾಮಾನ್ಯ ತತ್ತ್ವಕ್ಕೂ ನಿರ್ದಿಷ್ಟ ಪ್ರಕರಣದ ಬಗ್ಗೆ ಮನಸ್ಸಿಗೆ ದೃಢವಾಗಿ ತೋರುವ ತೀರ್ಮಾನಕ್ಕೂ ಹೊಂದಿಕೆಯಾಗದಿದ್ದರೆ, ಒಮ್ಮೆ ತತ್ತ್ವವನ್ನೂ ಒಮ್ಮೆ ತೀರ್ಮಾನವನ್ನೂ ತಿದ್ದುತ್ತ ಎರಡನ್ನೂ ಹೊಂದಿಸುವ ವಿಧಾನಕ್ಕೆ ಜಾನ್ ರಾಲ್ಸ್ ವಿಮರ್ಶಿತ ಸಮತೋಲನ ಎಂಬ ಹೆಸರನ್ನು ರೂಢಿಗೆ ತಂದ. ಇದಕ್ಕೆ ಬದಲಾಗಿ, ಸಂದೇಹವಿಲ್ಲದ ಮಾದರಿ ಪ್ರಕರಣವೊಂದನ್ನು ಇಟ್ಟುಕೊಂಡು ಹೊಸ ಪ್ರಕರಣ ಅದಕ್ಕೆ ಎಷ್ಟು ಹತ್ತಿರ, ಎಷ್ಟು ದೂರ ಎಂದು ಅಳೆಯುವ ವಿಧಾನಕ್ಕೆ ಪ್ರಕರಣ ವಿಚಾರ ಎನ್ನುತ್ತಾರೆ. ಆಲ್ಬರ್ಟ್ ಜಾನ್ಸೆನ್ ಮತ್ತು ಸ್ಟೀವನ್ ಟೂಲ್ಮಿನ್ 1988ರಲ್ಲಿ ಈ ಹಳೆಯ ವಿಧಾನವನ್ನು ಮತ್ತೆ ಸಮರ್ಥಿಸಿದರು.

ಮುಖ್ಯ ಮಾರ್ಗಗಳು

1. ಫಲವಾದ. ಲಭ್ಯ ಆಯ್ಕೆಗಳಲ್ಲಿ ಅತಿಹೆಚ್ಚು ಒಳಿತನ್ನು ತರುವ ಕ್ರಿಯೆಯೇ ಸರಿಯಾದದ್ದು ಎಂಬುದು ಇದರ ಪ್ರತಿಜ್ಞೆ. ಇದರ ಪ್ರಮುಖ ರೂಪ ಉಪಯುಕ್ತತಾವಾದ. ಜೆರೆಮಿ ಬೆಂತಮ್ (1748–1832) 1789ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸುಖವನ್ನು ತೀವ್ರತೆ, ಅವಧಿ, ನಿಶ್ಚಿತತೆ, ಸಾಮೀಪ್ಯ, ಬೇರೆ ಸುಖಗಳನ್ನು ಹುಟ್ಟಿಸುವ ಶಕ್ತಿ, ದುಃಖ ಬೆರೆಯದ ಶುದ್ಧತೆ ಮತ್ತು ಅದನ್ನು ಅನುಭವಿಸುವವರ ಸಂಖ್ಯೆ ಎಂಬ ಏಳು ಅಂಶಗಳಿಂದ ಅಳೆಯಬಹುದೆಂದ. ಅರಸನ ಸುಖಕ್ಕೂ ಆಳಿನ ಸುಖಕ್ಕೂ ಒಂದೇ ಬೆಲೆ ಎಂಬುದು ಈ ಲೆಕ್ಕದ ಒಳಗಿನ ಸಮಾನತೆಯ ತತ್ತ್ವ. ಜಾನ್ ಸ್ಟುವರ್ಟ್ ಮಿಲ್ (1806–1873) ಸುಖಗಳಲ್ಲಿ ಪ್ರಮಾಣಭೇದ ಮಾತ್ರವಲ್ಲದೆ ಗುಣಭೇದವೂ ಉಂಟೆಂದು ತಿದ್ದಿದ.

ಪ್ರತಿಯೊಂದು ಕ್ರಿಯೆಯ ಫಲವನ್ನು ಬಿಡಿಬಿಡಿಯಾಗಿ ಎಣಿಸುವುದು ಕ್ರಿಯಾ ಉಪಯುಕ್ತತಾವಾದ. ಎಲ್ಲರೂ ಪಾಲಿಸಿದರೆ ಹೆಚ್ಚು ಒಳಿತಾಗುವ ನಿಯಮವನ್ನು ಗೊತ್ತುಮಾಡಿಕೊಂಡು ಅದರಂತೆ ನಡೆಯುವುದು ನಿಯಮ ಉಪಯುಕ್ತತಾವಾದ. ಪೀಟರ್ ಸಿಂಗರ್ 1972ರಲ್ಲಿ, ಬಂಗಾಳದ ನಿರಾಶ್ರಿತರ ಹಸಿವನ್ನು ಎದುರಿಗಿಟ್ಟುಕೊಂಡು, ದೂರದಲ್ಲಿರುವವರ ಸಂಕಟವೂ ಹತ್ತಿರದವರ ಸಂಕಟದಷ್ಟೇ ನಮ್ಮನ್ನು ಹೊಣೆಗಾರರನ್ನಾಗಿಸುತ್ತದೆ ಎಂದು ವಾದಿಸಿದ. ಈ ಮಾರ್ಗದ ಮೇಲಿರುವ ಮುಖ್ಯ ಆಕ್ಷೇಪಗಳು ಮೂರು: ಫಲವನ್ನು ಮುಂಗಾಣುವುದು ಕಷ್ಟ, ಬೇರೆ ಬೇರೆ ಬಗೆಯ ಒಳಿತುಗಳಿಗೆ ಒಂದೇ ಅಳತೆಯಿಲ್ಲ, ಬಹುಜನರ ಹಿತದ ಹೆಸರಿನಲ್ಲಿ ಒಬ್ಬನಿಗೆ ಅನ್ಯಾಯ ಮಾಡಲು ಇದು ಎಡೆಗೊಡುತ್ತದೆ.

2. ಕರ್ತವ್ಯವಾದ. ಕೆಲವು ಕ್ರಿಯೆಗಳು ಫಲವೇನೇ ಇರಲಿ ಮಾಡತಕ್ಕವು, ಕೆಲವು ಮಾಡಬಾರದವು ಎಂಬುದು ಇದರ ನಿಲುವು. ಪ್ರಷ್ಯದ ಕ್ಯೋನಿಗ್ಸ್‌ಬರ್ಗಿನ ಇಮಾನ್ಯುಯೆಲ್ ಕಾಂಟ್ (1724–1804) ಇದರ ಪ್ರಧಾನ ಪ್ರತಿಪಾದಕ. 1785ರ ಗ್ರಂಥದಲ್ಲಿ ಅವನು ನಿರೂಪಿಸಿದ ನಿರಪೇಕ್ಷ ವಿಧಿಗೆ ಎರಡು ಪ್ರಸಿದ್ಧ ರೂಪಗಳಿವೆ. ನಾನು ಅನುಸರಿಸುವ ಸೂತ್ರ ಎಲ್ಲರಿಗೂ ನಿಯಮವಾಗಬೇಕೆಂದು ನಾನು ವಿರೋಧವಿಲ್ಲದೆ ಸಂಕಲ್ಪಿಸಲು ಸಾಧ್ಯವೇ ಎಂಬುದು ಒಂದು ಪರೀಕ್ಷೆ. ತೀರಿಸುವ ಉದ್ದೇಶವಿಲ್ಲದೆ ಸಾಲ ಕೇಳುವವನ ಸೂತ್ರ ಇದರಲ್ಲಿ ಸೋಲುತ್ತದೆ. ಎಲ್ಲರೂ ಹಾಗೆ ಮಾಡಿದರೆ ವಾಗ್ದಾನಕ್ಕೇ ಬೆಲೆಯಿರದು. ಮನುಷ್ಯನನ್ನು ಎಂದೂ ಬರಿಯ ಸಾಧನವಾಗಿ ಬಳಸದೆ ಗುರಿಯೆಂದೇ ಗೌರವಿಸಬೇಕು ಎಂಬುದು ಇನ್ನೊಂದು. ಆಧುನಿಕ ಮಾನವಹಕ್ಕುಗಳ ವಿಚಾರದಲ್ಲಿ ಘನತೆಯ ಕಲ್ಪನೆಗೆ ಇದು ಮುಖ್ಯ ಆಧಾರ.

ಕರ್ತವ್ಯಗಳೇ ಪರಸ್ಪರ ವಿರೋಧಿಸಿದಾಗ ಏನು ಮಾಡಬೇಕೆಂಬುದಕ್ಕೆ ಡಬ್ಲ್ಯೂ. ಡಿ. ರಾಸ್ 1930ರಲ್ಲಿ ಉತ್ತರ ಕೊಟ್ಟ. ನಿಷ್ಠೆ, ಪರಿಹಾರ, ಕೃತಜ್ಞತೆ, ನ್ಯಾಯ, ಪರಹಿತ, ಆತ್ಮೋನ್ನತಿ ಮತ್ತು ಅಹಿಂಸೆ ಎಂಬ ಏಳು ಮೇಲ್ನೋಟದ ಕರ್ತವ್ಯಗಳನ್ನು ಅವನು ಪಟ್ಟಿಮಾಡಿದ. ಇವೆಲ್ಲವೂ ನಮ್ಮನ್ನು ಬಂಧಿಸುತ್ತವೆ. ಸಂದರ್ಭದಲ್ಲಿ ಹೆಚ್ಚು ಭಾರವಾದದ್ದು ನಿಜವಾದ ಕರ್ತವ್ಯವಾಗುತ್ತದೆ. ಈ ಮಾರ್ಗವನ್ನು ಅತಿಯಾಗಿ ಬಿಗಿಯಾದದ್ದೆಂದು ಟೀಕಿಸುವುದುಂಟು.

3. ಸದ್ಗುಣವಾದ. ಏನು ಮಾಡಬೇಕು ಎಂಬುದಕ್ಕಿಂತ ಎಂಥ ಮನುಷ್ಯನಾಗಬೇಕು ಎಂಬ ಪ್ರಶ್ನೆ ಇದರಲ್ಲಿ ಮೊದಲು. ಅರಿಸ್ಟಾಟಲನ ಪ್ರಕಾರ ಸದ್ಗುಣ ಹುಟ್ಟಿನಿಂದ ಬಂದದ್ದಲ್ಲ, ಅಭ್ಯಾಸದಿಂದ ನೆಲೆಗೊಳ್ಳುವ ಮನೋಧರ್ಮ. ಅದು ಎರಡು ಅತಿಗಳ ನಡುವಿನ ಮಧ್ಯಮಸ್ಥಿತಿ. ಹೇಡಿತನಕ್ಕೂ ಹುಂಬತನಕ್ಕೂ ನಡುವೆ ಧೈರ್ಯ, ಜಿಪುಣತನಕ್ಕೂ ದುಂದಿಗೂ ನಡುವೆ ಔದಾರ್ಯ. ಮಧ್ಯಮಸ್ಥಿತಿ ಯಾವುದೆಂದು ಆಯಾ ಸಂದರ್ಭದಲ್ಲಿ ಗುರುತಿಸುವ ಶಕ್ತಿಗೆ ವ್ಯಾವಹಾರಿಕ ವಿವೇಕವೆಂದು ಹೆಸರು. 1981ರಲ್ಲಿ ಅಲಸ್ಡೇರ್ ಮ್ಯಾಕಿಂಟೈರ್ ಮತ್ತು 1999ರಲ್ಲಿ ರೋಸಲಿಂಡ್ ಹರ್ಸ್ಟ್‌ಹೌಸ್ ಇದಕ್ಕೆ ಆಧುನಿಕ ರೂಪ ಕೊಟ್ಟರು. ಕಠಿಣ ಪ್ರಕರಣಗಳಲ್ಲಿ ಖಚಿತವಾದ ಸೂಚನೆ ನೀಡುವುದಿಲ್ಲ ಎಂಬುದು ಇದರ ಮೇಲಿನ ಆಕ್ಷೇಪ.

4. ಒಪ್ಪಂದವಾದ. ನ್ಯಾಯವಾದ ನಿಯಮವೆಂದರೆ ಸ್ವತಂತ್ರರೂ ಸಮಾನರೂ ಆದ ಜನ ಒಪ್ಪಬಲ್ಲ ನಿಯಮ ಎಂಬುದು ಇದರ ಸಾರ. ಥಾಮಸ್ ಹಾಬ್ಸ್ (1651), ಲಾಕ್ ಮತ್ತು ರೂಸೋ (1762) ಅವರ ರಾಜಕೀಯ ಚಿಂತನೆಯಲ್ಲಿ ಇದರ ಬೇರುಗಳಿವೆ. ಜಾನ್ ರಾಲ್ಸ್ 1971ರ ಗ್ರಂಥದಲ್ಲಿ ಅಜ್ಞಾನದ ಪರದೆ ಎಂಬ ಕಲ್ಪನೆಯನ್ನು ಮುಂದಿಟ್ಟ: ತಾನು ಬಡವನೋ ಸಿರಿವಂತನೋ, ಯಾವ ಲಿಂಗ, ಯಾವ ಮತದವನೋ ತಿಳಿಯದ ಸ್ಥಿತಿಯಲ್ಲಿ ಆರಿಸುವ ನಿಯಮ ಪಕ್ಷಪಾತದಿಂದ ಮುಕ್ತವಾಗಿರುತ್ತದೆ. ಅಮರ್ತ್ಯ ಸೇನ್ 2009ರಲ್ಲಿ ಈ ವಾದವನ್ನು ವಿಮರ್ಶಿಸಿ, ಸಂಸ್ಥೆ ಮತ್ತು ನಿಯಮಗಳ ಅಚ್ಚುಕಟ್ಟನ್ನು ನೀತಿಯೆಂದೂ ಜನರ ಬಾಳಿನಲ್ಲಿ ವಾಸ್ತವವಾಗಿ ನೆರವೇರುವುದನ್ನು ನ್ಯಾಯವೆಂದೂ ಬೇರ್ಪಡಿಸಿದ.

5. ಕಾಳಜಿ ನೀತಿ. ಲಾರೆನ್ಸ್ ಕೋಲ್‌ಬರ್ಗ್ ನೈತಿಕ ವಿಕಾಸವನ್ನು ಮೂರು ಸ್ತರ ಮತ್ತು ಆರು ಹಂತಗಳಾಗಿ ವಿಂಗಡಿಸಿ, ಸಾರ್ವತ್ರಿಕ ನ್ಯಾಯತತ್ತ್ವವನ್ನು ತುದಿಯಲ್ಲಿ ಇರಿಸಿದ್ದ. ಅವನ ಮೊದಲ ಅಧ್ಯಯನ ಬಾಲಕರನ್ನಷ್ಟೇ ಒಳಗೊಂಡಿತ್ತು. ಕ್ಯಾರಲ್ ಗಿಲ್ಲಿಗನ್ 1982ರಲ್ಲಿ ಇದನ್ನು ಪ್ರಶ್ನಿಸಿ, ಸಂಬಂಧ ಮತ್ತು ಹೊಣೆಯನ್ನು ಆಧರಿಸಿದ ವಿಚಾರವೂ ಅಷ್ಟೇ ಪ್ರೌಢವಾದದ್ದು ಎಂದು ತೋರಿಸಿದಳು. ನೆಲ್ ನಾಡಿಂಗ್ಸ್ 1984ರಲ್ಲಿ ಇದನ್ನು ನೀತಿಸಿದ್ಧಾಂತವಾಗಿ ಬೆಳೆಸಿದಳು. ಮಕ್ಕಳು, ವೃದ್ಧರು, ರೋಗಿಗಳು ಮುಂತಾದ ಅವಲಂಬಿತರ ಪಾಲನೆಯಲ್ಲಿ ಈ ಮಾರ್ಗ ವಿಶೇಷವಾಗಿ ಪ್ರಸ್ತುತ. ಪರಿಚಿತರಲ್ಲದವರ ವಿಷಯದಲ್ಲಿ ನ್ಯಾಯವನ್ನು ಹೇಗೆ ಕಾಯುವುದೆಂಬುದು ಇದು ಎದುರಿಸುವ ಪ್ರಶ್ನೆ.

ಭಾರತೀಯ ಮಾರ್ಗಗಳು

ಮನುಸ್ಮೃತಿ ಧರ್ಮಕ್ಕೆ ನಾಲ್ಕು ಪ್ರಮಾಣಗಳನ್ನು ಹೇಳುತ್ತದೆ: ಶ್ರುತಿ, ಸ್ಮೃತಿ, ಸದಾಚಾರ ಮತ್ತು ಆತ್ಮತುಷ್ಟಿ. ಇದೇ ಸ್ಮೃತಿ ವಿಧಿಸುವ ವರ್ಣಾಧಾರಿತ ತಾರತಮ್ಯ ಆಧುನಿಕ ಕಾಲದಲ್ಲಿ ತೀವ್ರವಾದ ನೈತಿಕ ವಿಮರ್ಶೆಗೆ ಗುರಿಯಾಯಿತು. 1927ರಲ್ಲಿ ಮಹಾಡ್ ಸತ್ಯಾಗ್ರಹದ ವೇಳೆ ಬಿ. ಆರ್. ಅಂಬೇಡ್ಕರ್ ನೇತೃತ್ವದಲ್ಲಿ ಅದರ ಪ್ರತಿಯನ್ನು ಸುಡಲಾಯಿತು. ಸತ್ಯ, ಅಹಿಂಸೆ, ಅಸ್ತೇಯಗಳಂತೆ ಎಲ್ಲರಿಗೂ ಸಲ್ಲುವುದು ಸಾಧಾರಣ ಧರ್ಮ. ವರ್ಣ, ಆಶ್ರಮ, ಪಾತ್ರಗಳಿಗೆ ತಕ್ಕಂತೆ ಹೇಳಿದ್ದು ವಿಶೇಷ ಧರ್ಮ. ಎರಡರ ಘರ್ಷಣೆಯೇ ಮಹಾಭಾರತದ ಬಹುಪಾಲು ಧರ್ಮಸಂಕಟಗಳ ಮೂಲ. ಭಗವದ್ಗೀತೆಯ ನಿಷ್ಕಾಮ ಕರ್ಮ ಕರ್ತವ್ಯವನ್ನು ಎತ್ತಿಹಿಡಿದು ಫಲಾಪೇಕ್ಷೆಯನ್ನು ಬಿಡಹೇಳುತ್ತದೆ. ಅದರ ಜೊತೆಗೇ ಲೋಕಸಂಗ್ರಹವನ್ನೂ, ಅಂದರೆ ಲೋಕದ ಹಿತವನ್ನು ಕಾಯುವುದನ್ನೂ, ಹೇಳುವುದರಿಂದ ಅದನ್ನು ಕಾಂಟನ ಸಿದ್ಧಾಂತದೊಂದಿಗೆ ಪೂರ್ತಿ ಸಮೀಕರಿಸಲಾಗದು.

ಬೌದ್ಧ ವಿಚಾರದಲ್ಲಿ ಕರ್ಮದ ನೈತಿಕ ಬೆಲೆ ಚೇತನಾ ಅಥವಾ ಸಂಕಲ್ಪದಲ್ಲಿದೆ. ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆಗಳು ಬೆಳೆಸಿಕೊಳ್ಳಬೇಕಾದ ಮನೋಧರ್ಮಗಳು. ಜೈನ ವಿಚಾರ ಅಹಿಂಸೆಯನ್ನು ಪರಮ ಮಾನದಂಡವಾಗಿಸಿ, ಯತಿಗಳಿಗೆ ಮಹಾವ್ರತಗಳನ್ನೂ ಶ್ರಾವಕರಿಗೆ ಅಣುವ್ರತಗಳನ್ನೂ ವಿಧಿಸುತ್ತದೆ. ಅದರ ಅನೇಕಾಂತವಾದ ಯಾವ ಒಂದು ದೃಷ್ಟಿಯೂ ಸಮಗ್ರವಲ್ಲವೆಂದು ಎಚ್ಚರಿಸುತ್ತದೆ. 12ನೆಯ ಶತಮಾನದ ಕನ್ನಡ ಶರಣರು ಕಾಯಕ ಮತ್ತು ದಾಸೋಹಗಳ ಮೂಲಕ ದುಡಿಮೆಯ ಪ್ರಾಮಾಣಿಕತೆ ಮತ್ತು ಗಳಿಕೆಯ ಹಂಚಿಕೆಯನ್ನು ನೀತಿಯ ಕೇಂದ್ರಕ್ಕೆ ತಂದು, ಹುಟ್ಟಿನ ಮೇಲಿನ ವಿಶೇಷ ಧರ್ಮವನ್ನು ನಿರಾಕರಿಸಿದರು. ಆಧುನಿಕ ಕಾಲದಲ್ಲಿ ಗಾಂಧಿ ಸಾಧ್ಯದಷ್ಟೇ ಸಾಧನವೂ ಶುದ್ಧವಾಗಿರಬೇಕೆಂದು 1909ರ ಹಿಂದ್ ಸ್ವರಾಜ್‌ನಲ್ಲಿ ವಾದಿಸಿದರು. ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಸಾಂವಿಧಾನಿಕ ನೈತಿಕತೆಯನ್ನು ಬೆಳೆಸಬೇಕಾದ ಅಗತ್ಯವನ್ನು ಮಂಡಿಸಿದರು. ಮೈಸೂರಿನ ಎಂ. ಹಿರಿಯಣ್ಣ (1871–1950) ಭಾರತೀಯ ಮೌಲ್ಯವಿಚಾರವನ್ನು ಪುರುಷಾರ್ಥಗಳ ಆಧಾರದಲ್ಲಿ ವಿಶದಪಡಿಸಿದರು.

ಮಾರ್ಗಗಳ ಸಂಘರ್ಷ

ಮಾರ್ಗಗಳ ನಡುವಿನ ಭೇದವನ್ನು ಸ್ಪಷ್ಟಪಡಿಸುವ ಹಳೆಯ ಉದಾಹರಣೆ ಸತ್ಯವಚನದ್ದು. ಮಹಾಭಾರತದ ಕರ್ಣಪರ್ವದಲ್ಲಿ, ಗಾಂಡೀವವನ್ನು ಬೇರೊಬ್ಬನಿಗೆ ಕೊಡು ಎಂದವನನ್ನು ಕೊಲ್ಲುವೆನೆಂಬ ಪ್ರತಿಜ್ಞೆಗಾಗಿ ಅರ್ಜುನ ಧರ್ಮರಾಯನ ಮೇಲೆ ಕತ್ತಿ ಎತ್ತಿದಾಗ ಕೃಷ್ಣ ಕೌಶಿಕನ ಕಥೆ ಹೇಳುತ್ತಾನೆ. ಸತ್ಯವ್ರತಿಯಾದ ಆ ತಪಸ್ವಿ ಅಡಗಿದವರ ಜಾಗವನ್ನು ದರೋಡೆಕೋರರಿಗೆ ಇದ್ದದ್ದಿದ್ದಂತೆ ಹೇಳಿ, ಅವರ ಕೊಲೆಗೆ ಕಾರಣನಾಗಿ ನರಕಕ್ಕೆ ಹೋದ. ಜೀವಿಗಳ ಹಿತವನ್ನು ಕಾಯದ ಸತ್ಯ ಧರ್ಮವಲ್ಲ ಎಂಬುದು ಅಲ್ಲಿನ ತೀರ್ಪು. 1797ರ ಪ್ರಬಂಧದಲ್ಲಿ ಕಾಂಟ್ ಇಂಥದೇ ಸನ್ನಿವೇಶವನ್ನು ಎತ್ತಿಕೊಂಡು, ಮನೆಯಲ್ಲಿ ಅಡಗಿದ ಸ್ನೇಹಿತನನ್ನು ಹುಡುಕಿ ಬಂದ ಕೊಲೆಗಾರನಿಗೂ ಸುಳ್ಳು ಹೇಳಬಾರದೆಂಬ ವಿರುದ್ಧ ತೀರ್ಮಾನಕ್ಕೆ ಬಂದ.

ಟ್ರಾಲಿ ಸಮಸ್ಯೆ ಇದರ ಆಧುನಿಕ ರೂಪ. ಹಳಿಯ ಮೇಲಿನ ಐವರತ್ತ ನುಗ್ಗುವ ಗಾಡಿಯನ್ನು ಒಬ್ಬನಿರುವ ಹಳಿಗೆ ತಿರುಗಿಸಬಹುದೇ ಎಂಬುದು 1967ರಲ್ಲಿ ಫಿಲಿಪ್ಪ ಫುಟ್ ಮುಂದಿಟ್ಟ ಪ್ರಶ್ನೆ. ಐವರನ್ನು ಉಳಿಸಲು ಒಬ್ಬನನ್ನು ಸೇತುವೆಯಿಂದ ಗಾಡಿಯ ಮುಂದೆ ತಳ್ಳಬಹುದೇ ಎಂಬ ರೂಪಾಂತರವನ್ನು 1976ರಲ್ಲಿ ಜೂಡಿತ್ ಜಾರ್ವಿಸ್ ಥಾಮ್ಸನ್ ಸೇರಿಸಿದಳು. ಸಂಖ್ಯೆ ಒಂದೇ ಆದರೂ ಬಹುಮಂದಿ ಮೊದಲನೆಯದನ್ನು ಒಪ್ಪಿ ಎರಡನೆಯದನ್ನು ನಿರಾಕರಿಸುತ್ತಾರೆ. ಇದೇ ಪ್ರಶ್ನೆ ನ್ಯಾಯಾಲಯದಲ್ಲೂ ಎದ್ದಿದೆ. ಅಪಹೃತ ವಿಮಾನವನ್ನು ಭಯೋತ್ಪಾದಕರು ಅಸ್ತ್ರವಾಗಿ ಬಳಸುವ ಸಂಭವವಿದ್ದರೆ ಹೊಡೆದುರುಳಿಸಲು ಅನುಮತಿಸುವ ಕಾನೂನನ್ನು ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ 2006ರ ಫೆಬ್ರವರಿ 15ರಂದು ರದ್ದುಪಡಿಸಿತು. ಒಳಗಿರುವ ನಿರಪರಾಧಿ ಪ್ರಯಾಣಿಕರನ್ನು ಬೇರೆಯವರ ರಕ್ಷಣೆಗೆ ಸಾಧನವಾಗಿಸುವುದು ಮಾನವ ಘನತೆಗೆ ವಿರುದ್ಧವೆಂಬುದು ಅದರ ಕಾರಣ.

ಮನಶ್ಶಾಸ್ತ್ರೀಯ ಅಧ್ಯಯನ

2001ರಲ್ಲಿ ಜೊನಾಥನ್ ಹೈಟ್, ನೈತಿಕ ತೀರ್ಪು ಮೊದಲು ಒಳಮನಸ್ಸಿನಲ್ಲಿ ಥಟ್ಟನೆ ಮೂಡುತ್ತದೆ, ಕಾರಣಗಳು ಬಹುಮಟ್ಟಿಗೆ ಅನಂತರ ಸೇರಿಕೊಳ್ಳುತ್ತವೆ ಎಂದು ವಾದಿಸಿದ. ಅದೇ ವರ್ಷ ಜೋಶುವ ಗ್ರೀನ್ ಮತ್ತು ಸಂಗಡಿಗರು ಮಿದುಳಿನ ಸ್ಕ್ಯಾನ್‌ಗಳ ಮೂಲಕ, ಸೇತುವೆಯಿಂದ ತಳ್ಳುವಂಥ ಪ್ರಕರಣಗಳಲ್ಲಿ ಭಾವನೆಗೆ ಸಂಬಂಧಿಸಿದ ಭಾಗಗಳು ಹೆಚ್ಚು ಚುರುಕಾಗುತ್ತವೆಂದು ವರದಿ ಮಾಡಿದರು. ಸಂಸ್ಕೃತಿಯ ಪಾತ್ರದ ಕುರಿತ ಅಧ್ಯಯನಗಳಲ್ಲಿ ಮೈಸೂರಿಗೆ ಸ್ಥಾನವಿದೆ. ಜೋನ್ ಮಿಲ್ಲರ್ ಮತ್ತು ಸಹೋದ್ಯೋಗಿಗಳು 1990ರ ದಶಕದ ಆರಂಭದಲ್ಲಿ ಪ್ರಕಟಿಸಿದ ಸಂಶೋಧನೆ ಮೈಸೂರು ಮತ್ತು ಅಮೆರಿಕದ ನ್ಯೂ ಹೇವನ್ ನಗರಗಳ ಜನರನ್ನು ಹೋಲಿಸಿತು. ನ್ಯಾಯದ ನಿಯಮಕ್ಕೂ ಆಪ್ತರ ಬಗೆಗಿನ ಹೊಣೆಗೂ ವಿರೋಧ ಬಂದಾಗ ಮೈಸೂರಿನವರು ಹೊಣೆಗೆ ಹೆಚ್ಚು ಆದ್ಯತೆ ಕೊಟ್ಟರು. ನೆರವು ನೀಡುವುದನ್ನು ವೈಯಕ್ತಿಕ ಆಯ್ಕೆಯೆಂದಲ್ಲದೆ ನೈತಿಕ ಕರ್ತವ್ಯವೆಂದು ಕಂಡರು.

ಬಳಕೆ

ವೈದ್ಯಕೀಯ. ನಾಜಿ ವೈದ್ಯರ ವಿಚಾರಣೆಯ ಬಳಿಕ ಬಂದ 1947ರ ನ್ಯೂರೆಂಬರ್ಗ್ ಸಂಹಿತೆ ಮಾನವ ಪ್ರಯೋಗಗಳಿಗೆ ಸ್ವಯಂಪ್ರೇರಿತ ಒಪ್ಪಿಗೆಯನ್ನು ಕಡ್ಡಾಯಗೊಳಿಸಿತು. 1964ರ ಹೆಲ್ಸಿಂಕಿ ಘೋಷಣೆ ಮತ್ತು 1979ರ ಬೆಲ್ಮಾಂಟ್ ವರದಿ ಇದನ್ನು ವಿಸ್ತರಿಸಿದವು. 1979ರಲ್ಲಿಯೇ ಟಾಮ್ ಬೋಶಾಂಪ್ ಮತ್ತು ಜೇಮ್ಸ್ ಚಿಲ್ಡ್ರೆಸ್ ಸ್ವಾಯತ್ತತೆ, ಹಿತಸಾಧನೆ, ಅಹಿತವರ್ಜನೆ ಮತ್ತು ನ್ಯಾಯ ಎಂಬ ನಾಲ್ಕು ತತ್ತ್ವಗಳ ಚೌಕಟ್ಟನ್ನು ರೂಪಿಸಿದರು. ಫಲವಾದಿಯೂ ಕರ್ತವ್ಯವಾದಿಯೂ ಬೇರೆ ಬೇರೆ ಕಾರಣಗಳಿಂದ ಒಪ್ಪಬಹುದಾದ್ದರಿಂದ ಇದು ವ್ಯಾಪಕವಾಗಿ ಬಳಕೆಗೆ ಬಂತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2000, 2006 ಮತ್ತು 2017ರಲ್ಲಿ ಸಂಶೋಧನೆಯ ನೈತಿಕ ಮಾರ್ಗಸೂಚಿಗಳನ್ನು ಹೊರಡಿಸಿದೆ.

ಹಲವು ಮಾರ್ಗಗಳು ಒಂದೇ ವ್ಯವಸ್ಥೆಯಲ್ಲಿ ಕೂಡಿರುವುದಕ್ಕೆ ಅಂಗಾಂಗ ಕಸಿ ಉತ್ತಮ ನಿದರ್ಶನ. ಭಾರತದ 1994ರ ಕಾಯಿದೆ ಅಂಗಾಂಗ ಮಾರಾಟವನ್ನು ನಿಷೇಧಿಸುತ್ತದೆ. ಮನುಷ್ಯದೇಹವನ್ನು ಸರಕಾಗಿಸಬಾರದೆಂಬ ಈ ನಿಷೇಧ ಕರ್ತವ್ಯವಾದದ ಸ್ವರೂಪದ್ದು. ಕರ್ನಾಟಕದಲ್ಲಿ ಜೀವಸಾರ್ಥಕತೆ ಸಂಸ್ಥೆಯ ಮೂಲಕ ನಡೆಯುವ ಹಂಚಿಕೆ ಕಾಯುವವರ ಪಟ್ಟಿಯನ್ನು ಆಧರಿಸಿದೆ. ತನ್ನ ಸರದಿ ಎಲ್ಲಿ ಬೀಳುತ್ತದೆಂದು ತಿಳಿಯದೆಯೂ ಯಾರಾದರೂ ಒಪ್ಪಬಹುದಾದ ಪೂರ್ವನಿಶ್ಚಿತ ನಿಯಮ ಒಪ್ಪಂದವಾದಕ್ಕೆ ಹೊಂದುತ್ತದೆ. ರಕ್ತದ ಗುಂಪಿನ ಹೊಂದಿಕೆ ಮತ್ತು ವೈದ್ಯಕೀಯ ತುರ್ತನ್ನು ಪರಿಗಣಿಸುವುದರಲ್ಲಿ ಫಲದ ಲೆಕ್ಕವಿದೆ. ಮಿದುಳುಕಾಂಡದ ಸಾವು ಸಂಭವಿಸಿದವರ ಅಂಗಾಂಗ ಪಡೆಯುವಾಗ ಕುಟುಂಬದವರೊಂದಿಗೆ ನಡೆಸುವ ಆಪ್ತ ಸಮಾಲೋಚನೆ ಕಾಳಜಿ ನೀತಿಯ ಕ್ಷೇತ್ರ.

ಜೀವನಾಂತ್ಯದ ನಿರ್ಧಾರಗಳು. ಚೇತರಿಕೆಯಿಲ್ಲದ ರೋಗಿಯ ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯುವುದನ್ನೂ ಮುಂಚಿತವಾಗಿ ಬರೆದಿಡುವ ವೈದ್ಯಕೀಯ ನಿರ್ದೇಶನವನ್ನೂ ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರ ತೀರ್ಪಿನಲ್ಲಿ ಮಾನ್ಯ ಮಾಡಿತು. 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಇದನ್ನು ಜಾರಿಗೆ ತರುವ ಆದೇಶವನ್ನು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಹೊರಡಿಸಿತು. ಶ್ರವಣಬೆಳಗೊಳದ ಶಾಸನಗಳಲ್ಲಿ ಹೇರಳವಾಗಿ ದಾಖಲಾಗಿರುವ ಜೈನ ಸಲ್ಲೇಖನ ವ್ರತವನ್ನು 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಕಾನೂನುಬಾಹಿರವೆಂದಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು.

ಆಡಳಿತ ಮತ್ತು ಶಿಕ್ಷಣ. ಕೇಂದ್ರ ಲೋಕಸೇವಾ ಆಯೋಗ 2013ರಿಂದ ನಾಗರಿಕ ಸೇವೆಗಳ ಮುಖ್ಯ ಪರೀಕ್ಷೆಯಲ್ಲಿ ನೀತಿ, ಪ್ರಾಮಾಣಿಕತೆ ಮತ್ತು ಅಭಿಕ್ಷಮತೆಯ ಕುರಿತ 250 ಅಂಕಗಳ ಪತ್ರಿಕೆಯನ್ನು ಇರಿಸಿದೆ. ಅದರಲ್ಲಿ ಸಿದ್ಧಾಂತದ ಪ್ರಶ್ನೆಗಳೊಂದಿಗೆ ಪ್ರಕರಣ ವಿಶ್ಲೇಷಣೆಯೂ ಇರುತ್ತದೆ.

ಇಂದಿನ ಸ್ಥಿತಿ

ಸ್ವಯಂಚಾಲಿತ ಯಂತ್ರಗಳು ಮನುಷ್ಯರ ಪರವಾಗಿ ಆಯ್ಕೆ ಮಾಡತೊಡಗಿರುವುದು ಈ ವಿಷಯಕ್ಕೆ ಹೊಸ ಮಹತ್ವ ತಂದಿದೆ. ಚಾಲಕರಹಿತ ವಾಹನ ಅಪಘಾತದಲ್ಲಿ ಯಾರನ್ನು ಉಳಿಸಬೇಕೆಂಬ ಕುರಿತು 2018ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಮಾರಲ್ ಮಷೀನ್ ಅಧ್ಯಯನ 233 ದೇಶ ಮತ್ತು ಪ್ರದೇಶಗಳ ಜನರಿಂದ ಸುಮಾರು 4 ಕೋಟಿ ಉತ್ತರಗಳನ್ನು ಸಂಗ್ರಹಿಸಿತು. ಹೆಚ್ಚು ಜೀವಗಳನ್ನು ಮತ್ತು ಕಿರಿಯರನ್ನು ಉಳಿಸುವ ಒಲವು ಸಾಮಾನ್ಯವಾಗಿ ಕಂಡರೂ ಅದರ ತೀವ್ರತೆ ಸಂಸ್ಕೃತಿಯಿಂದ ಸಂಸ್ಕೃತಿಗೆ ಬೇರೆಯಾಗಿತ್ತು. ಇದಕ್ಕೆ ಒಂದು ವರ್ಷ ಮೊದಲು ಜರ್ಮನಿಯ ನೈತಿಕ ಆಯೋಗ ಪ್ರಕಟಿಸಿದ 20 ನಿಯಮಗಳು, ಅನಿವಾರ್ಯ ಅಪಘಾತದಲ್ಲಿ ವಯಸ್ಸು, ಲಿಂಗ ಮುಂತಾದ ವೈಯಕ್ತಿಕ ಲಕ್ಷಣಗಳ ಮೇಲೆ ಜನರನ್ನು ವಿಂಗಡಿಸುವುದನ್ನು ನಿಷೇಧಿಸಿವೆ. ಬಹುಜನರ ಒಲವು ನೈತಿಕ ಮಾನದಂಡವಾಗಬಲ್ಲದೇ ಎಂಬ ಪ್ರಶ್ನೆ ಇವೆರಡರ ನಡುವಣ ಅಂತರದಲ್ಲಿದೆ. ಯುನೆಸ್ಕೋ 2021ರ ನವೆಂಬರ್‌ನಲ್ಲಿ ಕೃತಕ ಬುದ್ಧಿಮತ್ತೆಯ ನೀತಿಯ ಕುರಿತ ಶಿಫಾರಸನ್ನು ಅಂಗೀಕರಿಸಿತು. ಆರೋಗ್ಯ ಕ್ಷೇತ್ರದಲ್ಲಿ ಅದರ ಬಳಕೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2023ರಲ್ಲಿ ಮಾರ್ಗಸೂಚಿ ಹೊರಡಿಸಿತು.

ಒಂದೇ ತತ್ತ್ವದಿಂದ ಎಲ್ಲ ಪ್ರಕರಣಗಳನ್ನು ತೀರ್ಮಾನಿಸುವ ಪ್ರಯತ್ನಗಳು ಸೈದ್ಧಾಂತಿಕ ನೀತಿಶಾಸ್ತ್ರದಲ್ಲಿ ಮುಂದುವರಿದಿವೆ. ಆಸ್ಪತ್ರೆಗಳ ನೈತಿಕ ಸಮಿತಿಗಳು, ನ್ಯಾಯಾಲಯಗಳು ಮತ್ತು ಆಡಳಿತ ಸಂಸ್ಥೆಗಳು ಮಾತ್ರ ಬಹುತತ್ತ್ವ ವಿಧಾನವನ್ನು ಅನುಸರಿಸುತ್ತವೆ: ದಾಟಬಾರದ ಗಡಿಯನ್ನು ಕರ್ತವ್ಯದಿಂದಲೂ, ಗಡಿಯೊಳಗಿನ ಆಯ್ಕೆಯನ್ನು ಫಲದಿಂದಲೂ, ಹಂಚಿಕೆಯ ಕ್ರಮವನ್ನು ನ್ಯಾಯದಿಂದಲೂ, ಅದನ್ನು ನೆರವೇರಿಸುವ ರೀತಿಯನ್ನು ಕಾಳಜಿಯಿಂದಲೂ ಗೊತ್ತುಪಡಿಸಿ, ಇವನ್ನು ಸಂದರ್ಭಕ್ಕೆ ಹೊಂದಿಸುವ ಹೊಣೆಯನ್ನು ನಿರ್ಧರಿಸುವವರ ವಿವೇಕಕ್ಕೆ ಒಪ್ಪಿಸುತ್ತವೆ.